ವಾಹನಕ್ಕೆ ಬದಲಿ ಟೈರುಗಳ ಆಯ್ಕೆ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ಬರುವ ವಿಷಯಗಳಲ್ಲಿ ‘ಸ್ವಚ್ಛ ವಾಹಿನಿ ವಾಹನಕ್ಕೆ ಟೈರುಗಳ ಖರೀದಿ’ ಎಂಬುದು ಅತಿ ಚಿಕ್ಕ ವಿಷಯವೆಂದು ತೋರುತ್ತದೆ. ಮೂರು ದರಪಟ್ಟಿಗಳನ್ನು ಓದಿ, ಅವುಗಳಲ್ಲಿ ಕಡಿಮೆ ದರಕ್ಕೆ ಮಂಜೂರಾತಿ ನೀಡಿ, ಸಭೆಯು ಮುಂದಿನ ವಿಷಯಕ್ಕೆ ಸಾಗುವುದು ವಾಡಿಕೆ. ಆದರೆ ಆ ದರಪಟ್ಟಿಯಲ್ಲಿ ಬರೆದ, ಅಥವಾ ಬರೆಯದೆ ಬಿಟ್ಟ, ಒಂದೆರಡು ಅಂಕಿಗಳ ಮೇಲೆ ವಾಹನವನ್ನು ಓಡಿಸುವ ಸ್ವಸಹಾಯ ಸಂಘದ ಮಹಿಳೆಯ ಮತ್ತು ಅವರೊಡನೆ ಕೂರುವ ಸಹಾಯಕಿಯ ಸುರಕ್ಷತೆ ನಿಂತಿರುತ್ತದೆ. ರಸ್ತೆಗೆ ತಾಗುವ ವಾಹನದ ಭಾಗ ಟೈರು ಒಂದೇ. ಎಂಜಿನ್, ಬ್ರೇಕ್ ಮತ್ತು ಸ್ಟೇರಿಂಗ್ ಎಷ್ಟೇ ಉತ್ತಮವಾಗಿದ್ದರೂ ಅವುಗಳ ಕೆಲಸ ಟೈರಿನ ಮೂಲಕವೇ ನಡೆಯಬೇಕು.

ಟೈರನ್ನು ಬೆಲೆಯಿಂದಾಗಲಿ, ನೋಟದಿಂದಾಗಲಿ ಆರಿಸಬಾರದು; ವಾಹನದ ಮೇಲೆ ಮತ್ತು ಟೈರಿನ ಮೇಲೆ ಬರೆದಿರುವ ಅಂಕಿಗಳಿಂದ ಆರಿಸಬೇಕು ಎಂಬುದೇ ಈ ಪಾಠದ ಸಾರಾಂಶ. ಅನೇಕ ಸದಸ್ಯರಿಗೆ ಪರಿಚಿತವಾದದ್ದು ಕಾರು. ಆದುದರಿಂದ ಮೊದಲು ಕಾರಿನ ಟೈರನ್ನು ಉದಾಹರಣೆಯಾಗಿ ಇಟ್ಟುಕೊಂಡು, ಅಲ್ಲಿಂದ ಕಸ ಸಾಗಿಸುವ ವಾಹನಕ್ಕೆ ವಿಷಯವನ್ನು ವಿಸ್ತರಿಸಲಾಗಿದೆ.

1. ಈ ಭಾಗದ ರಸ್ತೆ ಮತ್ತು ಹವೆ

ಟೈರಿನ ಆಯುಷ್ಯವನ್ನು ನಿರ್ಧರಿಸುವ ಅಂಶಗಳಲ್ಲಿ ಸ್ಥಳದ ಗುಣವೂ ಒಂದು. ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ ಭಾಗದಲ್ಲಿ ಮೂರು ಸಂಗತಿಗಳನ್ನು ಮುಖ್ಯವಾಗಿ ಗಮನಿಸಬೇಕು.

ಮೊದಲನೆಯದು ಬಿಸಿಲು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ; ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿನ ಹೊತ್ತಿಗೆ ಬದಲಿಸಲಾಗುತ್ತದೆ. ಮಧ್ಯಾಹ್ನದ ಡಾಂಬರು ರಸ್ತೆ ಗಾಳಿಗಿಂತಲೂ ಹೆಚ್ಚು ಕಾದಿರುತ್ತದೆ. ಗಾಳಿ ಕಡಿಮೆ ಇರುವ ಟೈರು ಉರುಳುವಾಗ ಹೆಚ್ಚು ಬಾಗಿ, ತನ್ನೊಳಗೇ ಶಾಖವನ್ನು ಹುಟ್ಟಿಸುತ್ತದೆ. ಹೊರಗಿನ ಶಾಖವೂ ಒಳಗಿನ ಶಾಖವೂ ಕೂಡಿದಾಗ ಟೈರು ಸಿಡಿಯುವ ಸಂಭವ ಹೆಚ್ಚುತ್ತದೆ.

ಎರಡನೆಯದು ಕಲ್ಲು. ಶಹಾಬಾದ, ವಾಡಿ, ಚಿತ್ತಾಪುರ ಮತ್ತು ಸೇಡಂ ಸುತ್ತಲಿನದು ಸುಣ್ಣಕಲ್ಲಿನ ನೆಲ. ಶಹಾಬಾದ ಕಲ್ಲೆಂದು ಹೆಸರಾದ ಹಾಸುಗಲ್ಲು ಇಲ್ಲಿನದೇ. ಗಣಿಗಳ ಮತ್ತು ಸಿಮೆಂಟ್ ಕಾರ್ಖಾನೆಗಳ ಭಾರಿ ಲಾರಿಗಳು ಓಡುವ ರಸ್ತೆಗಳ ಅಂಚಿನಲ್ಲಿ ಚೂಪಾದ ಕಲ್ಲಿನ ಚೂರುಗಳು ಬಿದ್ದಿರುತ್ತವೆ. ಎದುರಿನ ಲಾರಿಗೆ ದಾರಿ ಬಿಡಲು ಚಿಕ್ಕ ವಾಹನ ರಸ್ತೆಯಿಂದ ಕೆಳಗಿಳಿದಾಗ ಟೈರಿನ ಪಕ್ಕದ ಗೋಡೆ ಕೊಯ್ದುಹೋಗುತ್ತದೆ. ಟೈರಿನ ಅತಿ ತೆಳುವಾದ ಭಾಗ ಇದೇ. ಇಲ್ಲಿ ಆದ ಗಾಯಕ್ಕೆ ಸುರಕ್ಷಿತವಾದ ಪಂಕ್ಚರ್ ದುರಸ್ತಿ ಇಲ್ಲ.

ಮೂರನೆಯದು ಮಳೆಗಾಲದ ಎರೆ ಮಣ್ಣು. ಹೊಲದ ದಾರಿಯಿಂದ ಡಾಂಬರು ರಸ್ತೆಗೆ ಏರಿದ ಚಕ್ರದ ಗೆರೆಗಳಲ್ಲಿ ಜಿಗುಟಾದ ಮಣ್ಣು ತುಂಬಿಕೊಂಡು, ನೀರು ಹೊರಹೋಗುವ ದಾರಿ ಮುಚ್ಚುತ್ತದೆ. ಗೆರೆ ಸವೆದ ಟೈರಿಗೆ ಇದು ಇನ್ನಷ್ಟು ಅಪಾಯಕರ. ಚಿಂಚೋಳಿಯ ತಾಂಡಾಗಳಿಗೆ ಮತ್ತು ಕೊಂಚಾವರಂ ಕಡೆಯ ಗುಡ್ಡದ ರಸ್ತೆಗಳಿಗೆ ಹೋಗುವ ವಾಹನಗಳಿಗೆ ಇಳಿಜಾರಿನಲ್ಲಿ ಹಿಡಿತ ತಪ್ಪಿದರೆ ಸಾವರಿಸಿಕೊಳ್ಳಲು ಜಾಗವೂ ಕಡಿಮೆ.

2. ಬದಲಿಸುವ ಕಾಲ ಬಂದಿದೆಯೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 94ನೇ ನಿಯಮವು ಟೈರುಗಳ ಸ್ಥಿತಿಯನ್ನು ಕುರಿತದ್ದು. ಒಳಗಿನ ಬಟ್ಟೆಯ ಪದರ ಹೊರಗೆ ಕಾಣುವ ಟೈರು, ಉಬ್ಬು ಬಂದ ಅಥವಾ ಆಕಾರ ಕೆಟ್ಟ ಟೈರು ಯೋಗ್ಯ ಸ್ಥಿತಿಯಲ್ಲಿಲ್ಲವೆಂದೇ ಅರ್ಥ. ಕಾರು ಮೊದಲಾದ ನಾಲ್ಕು ಚಕ್ರದ ವಾಹನಗಳಲ್ಲಿ ಟೈರಿನ ಗೆರೆಯ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಇದನ್ನು ಅಳೆಯಲು ಉಪಕರಣವಿಲ್ಲದಿದ್ದರೂ ತೊಂದರೆಯಿಲ್ಲ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ರಬ್ಬರಿನ ದಿಮ್ಮಿಗಳಿರುತ್ತವೆ. ಅವು ಇರುವ ಜಾಗವನ್ನು ತೋರಿಸಲು ಪಕ್ಕದ ಗೋಡೆಯ ಮೇಲ್ಭಾಗದಲ್ಲಿ ತ್ರಿಕೋನ ಗುರುತು ಅಥವಾ ‘ಟಿ.ಡಬ್ಲ್ಯು.ಐ.’ ಎಂಬ ಅಕ್ಷರಗಳಿರುತ್ತವೆ. ಸುತ್ತಲಿನ ರಬ್ಬರು ಸವೆದು ಈ ದಿಮ್ಮಿಗಳ ಮಟ್ಟಕ್ಕೆ ಬಂದರೆ ಟೈರಿನ ಕಾಲ ಮುಗಿಯಿತು.

1.6 ಮಿಲಿಮೀಟರು ಕಾನೂನಿನ ಕೊನೆಯ ಮಿತಿ. ಸುರಕ್ಷತೆಯ ಮಿತಿ ಅದಕ್ಕಿಂತ ಮೇಲಿದೆ. ಗೆರೆ ಕಡಿಮೆಯಾದಂತೆ ಒದ್ದೆ ರಸ್ತೆಯಲ್ಲಿ ವಾಹನ ನಿಲ್ಲಲು ಬೇಕಾಗುವ ದೂರ ಹೆಚ್ಚುತ್ತದೆ. ಮೇ ತಿಂಗಳಲ್ಲಿ 3 ಮಿಲಿಮೀಟರಿನ ಆಸುಪಾಸಿನಲ್ಲಿರುವ ಟೈರುಗಳನ್ನು ಮಳೆಗಾಲ ಹಿಡಿಯುವ ಮೊದಲೇ ಬದಲಿಸುವುದು ವಿವೇಕ.

ಹಳೆಯ ಟೈರನ್ನು ಬಿಚ್ಚುವ ಮೊದಲು ಅದು ಸವೆದ ರೀತಿಯನ್ನು ನೋಡಬೇಕು. ಎರಡೂ ಅಂಚುಗಳು ಸವೆದು ನಡುಭಾಗ ಉಳಿದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ ಗುರುತು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಒಂದೇ ಅಂಚು ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಈ ಕಾರಣವನ್ನು ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಅದೇ ರೀತಿ ಸವೆಯುತ್ತದೆ. ಪಂಚಾಯತಿಯ ಹಣ ಎರಡನೆಯ ಬಾರಿ ವ್ಯರ್ಥವಾಗುತ್ತದೆ.

3. ಟೈರಿನ ಮೇಲಿನ ಬರಹವನ್ನು ಓದುವ ಕ್ರಮ

ಒಂದು ಕಾರಿನ ಟೈರಿನ ಪಕ್ಕದಲ್ಲಿ ‘165/80 ಆರ್ 14 85 ಟಿ’ ಎಂದು ಬರೆದಿದೆ ಎಂದುಕೊಳ್ಳೋಣ. ಅದರ ಅರ್ಥ ಹೀಗಿದೆ.

165: ಟೈರಿನ ಅಗಲ, ಮಿಲಿಮೀಟರುಗಳಲ್ಲಿ.
80: ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 80 ಎಂದು.
ಆರ್: ರೇಡಿಯಲ್ ರಚನೆ.
14: ರಿಮ್ಮಿನ ವ್ಯಾಸ, ಇಂಚುಗಳಲ್ಲಿ.
85: ಭಾರ ಸೂಚ್ಯಂಕ. ಇದು ಕಿಲೋಗ್ರಾಂ ಅಲ್ಲ, ಒಂದು ಸಂಕೇತ. 85 ಎಂದರೆ ಒಂದು ಟೈರು 515 ಕಿಲೋಗ್ರಾಂ ಭಾರ ಹೊರಬಲ್ಲದು.
ಟಿ: ವೇಗದ ಸಂಕೇತ. ಟಿ ಎಂದರೆ ಗಂಟೆಗೆ 190 ಕಿಲೋಮೀಟರು, ಎಸ್ ಎಂದರೆ 180, ಎಚ್ ಎಂದರೆ 210.

ವಾಹನಕ್ಕೆ ಯಾವ ಅಳತೆ ಬೇಕೆಂಬುದು ತಯಾರಕರ ಕೈಪಿಡಿಯಲ್ಲಿ ಮತ್ತು ಸಾಮಾನ್ಯವಾಗಿ ಚಾಲಕರ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಪಟ್ಟಿಯಲ್ಲಿ ಇರುತ್ತದೆ. ಈಗ ಚಕ್ರದಲ್ಲಿರುವ ಟೈರನ್ನು ನೋಡಿ ಅಳತೆ ಬರೆದುಕೊಳ್ಳುವುದು ಸರಿಯಲ್ಲ. ಹಿಂದಿನ ಬಾರಿ ತಪ್ಪು ಟೈರು ಹಾಕಿದ್ದರೆ ಆ ತಪ್ಪು ಮುಂದುವರಿಯುತ್ತದೆ. ಹೊಸ ಟೈರಿನ ಭಾರ ಸೂಚ್ಯಂಕ ಮತ್ತು ವೇಗದ ಸಂಕೇತ ತಯಾರಕರು ಹೇಳಿದ್ದಕ್ಕೆ ಸಮನಾಗಿರಬೇಕು ಅಥವಾ ಹೆಚ್ಚಿರಬೇಕು. ಎಂದಿಗೂ ಕಡಿಮೆ ಇರಬಾರದು.

4. ಭಾರ ಸೂಚ್ಯಂಕ: ಪಂಚಾಯತಿ ವಾಹನದ ಜೀವಾಳ

ಈಗ ಕಸ ಸಾಗಿಸುವ ವಾಹನದ ವಿಷಯಕ್ಕೆ ಬರೋಣ. ಮಿನಿ ಟ್ರಕ್ ಮಾದರಿಯ ಕೆಲವು ವಾಹನಗಳಲ್ಲಿ 12 ಇಂಚಿನ ರಿಮ್ಮಿಗೆ ‘145 ಆರ್ 12 ಎಲ್.ಟಿ. 8 ಪಿ.ಆರ್.’ ಅಳತೆಯ ಟೈರು ಇರುತ್ತದೆ. ‘ಎಲ್.ಟಿ.’ ಎಂದರೆ ಲಘು ಸರಕು ವಾಹನದ ಟೈರು. ‘8 ಪಿ.ಆರ್.’ ಎಂಬುದು ಟೈರಿನ ಬಲದ ಶ್ರೇಣಿಯನ್ನು ತಿಳಿಸುತ್ತದೆ; ಒಳಗೆ ಎಂಟು ಪದರಗಳೇ ಇವೆ ಎಂದು ಅದರ ಅರ್ಥವಲ್ಲ.

ಚಿಕ್ಕ ಕಾರುಗಳಿಗೆ ಬರುವ ‘145/80 ಆರ್ 12’ ಟೈರು ಕೂಡ 12 ಇಂಚಿನ ರಿಮ್ಮಿನದೇ. ಅಗಲವೂ ಅದೇ 145. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ನೋಟಕ್ಕೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಕಾರಿನ ಟೈರಿನ ಬೆಲೆ ಮಾತ್ರ ಕಡಿಮೆ. ದರಪಟ್ಟಿಯಲ್ಲಿ ‘145–12 ಟೈರು’ ಎಂದಷ್ಟೇ ಬರೆದಿದ್ದರೆ ಎರಡೂ ಆ ವಿವರಣೆಗೆ ಹೊಂದುತ್ತವೆ. ಅಪಾಯ ಇರುವುದು ಇಲ್ಲಿಯೇ.

ಲೆಕ್ಕ ಮಾಡಿ ನೋಡೋಣ. ಚಿಕ್ಕ ಕಾರಿನ ಆ ಟೈರಿನ ಭಾರ ಸೂಚ್ಯಂಕ 74 ಇದ್ದರೆ ಒಂದು ಟೈರಿನ ಸಾಮರ್ಥ್ಯ 375 ಕಿಲೋಗ್ರಾಂ. ಸರಕು ವಾಹನದ ಟೈರಿನ ಮೇಲೆ 86/84 ಎಂದಿದ್ದರೆ, ಒಂದು ಬದಿಗೆ ಒಂದೇ ಚಕ್ರವಿರುವಾಗ ಅದರ ಸಾಮರ್ಥ್ಯ 530 ಕಿಲೋಗ್ರಾಂ, ಜೋಡಿ ಚಕ್ರವಿರುವಾಗ ಒಂದೊಂದಕ್ಕೆ 500 ಕಿಲೋಗ್ರಾಂ. ವಾಹನದ ಹಿಂದಿನ ಅಚ್ಚಿನ ಮೇಲೆ ಬೀಳುವ ಭಾರ 950 ಕಿಲೋಗ್ರಾಂ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ:

ಕಾರಿನ ಟೈರು: 2 × 375 = 750 ಕಿಲೋಗ್ರಾಂ. ಇದು 950ಕ್ಕೆ ಸಾಲದು. 200 ಕಿಲೋಗ್ರಾಂ ಕೊರತೆ.
ಸರಕು ವಾಹನದ ಟೈರು: 2 × 530 = 1,060 ಕಿಲೋಗ್ರಾಂ. ಇದು 950ನ್ನು ಹೊತ್ತು ಇನ್ನೂ 110 ಕಿಲೋಗ್ರಾಂ ಅಂತರ ಉಳಿಸುತ್ತದೆ.

ವಾಹನ ಖಾಲಿ ಇರುವಾಗ ಈ ಕೊರತೆ ತಿಳಿಯುವುದಿಲ್ಲ. ಅಂಗಡಿಯ ಮುಂದೆ ಓಡಿಸಿ ನೋಡಿದಾಗಲೂ ತಿಳಿಯುವುದಿಲ್ಲ. ಮಳೆಯಲ್ಲಿ ನೆನೆದ ಹಸಿ ಕಸ ತುಂಬಿದ ದಿನ, ಅಥವಾ ಮೇ ತಿಂಗಳ ಮಧ್ಯಾಹ್ನ ಕಾದ ರಸ್ತೆಯ ಮೇಲೆ ವಿಲೇವಾರಿ ಘಟಕದ ಕಡೆಗೆ ಹೊರಟ ದಿನ ಅದು ತಿಳಿಯುತ್ತದೆ. ಟೈರೊಂದಕ್ಕೆ ಉಳಿಸಿದ ಕೆಲವು ನೂರು ರೂಪಾಯಿಗಳ ಬೆಲೆಯನ್ನು ಆಗ ತೆರುವವರು, ಚಾಲಕಿಯ ಆಸನದಲ್ಲಿ ಕುಳಿತವರು.

ಸರಕು ವಾಹನದ ನೋಂದಣಿ ಪ್ರಮಾಣಪತ್ರದಲ್ಲಿ ಒಟ್ಟು ತೂಕ, ಅಚ್ಚಿನ ತೂಕ ಮತ್ತು ಟೈರಿನ ಅಳತೆಯ ವಿವರಗಳಿಗೆ ಸ್ಥಳವಿದೆ. ಅದರ ನಕಲನ್ನು ಸಭೆಯ ಮುಂದೆ ಇರಿಸುವಂತೆ ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇದೆ.

5. ಅಳತೆಯನ್ನು ಬದಲಿಸಿದರೆ ಆಗುವುದೇನು?

‘ಸ್ವಲ್ಪ ಅಗಲದ ಟೈರು ಹಾಕಿಸಿದರೆ ಹಿಡಿತ ಹೆಚ್ಚುತ್ತದೆ’ ಎಂಬ ಸಲಹೆ ಅಂಗಡಿಗಳಲ್ಲಿ ಕೇಳಿಬರುತ್ತದೆ. ಅಗಲ ಬದಲಾದಾಗ ಎತ್ತರವೂ ಬದಲಾಗಬಹುದು. ಟೈರಿನ ಒಟ್ಟು ವ್ಯಾಸವನ್ನು ಹೀಗೆ ಲೆಕ್ಕ ಹಾಕಬಹುದು: ಗೋಡೆಯ ಎತ್ತರದ ಎರಡರಷ್ಟಕ್ಕೆ ರಿಮ್ಮಿನ ವ್ಯಾಸವನ್ನು ಕೂಡಬೇಕು, ಒಂದು ಇಂಚಿಗೆ 25.4 ಮಿಲಿಮೀಟರು.

165/80 ಆರ್ 14: ಗೋಡೆ 132 ಮಿ.ಮೀ.; ಒಟ್ಟು ವ್ಯಾಸ 264 + 355.6 = 619.6 ಮಿ.ಮೀ.
175/70 ಆರ್ 14: ಗೋಡೆ 122.5 ಮಿ.ಮೀ.; ಒಟ್ಟು ವ್ಯಾಸ 245 + 355.6 = 600.6 ಮಿ.ಮೀ.

ಎರಡನೆಯ ಟೈರು ಅಗಲವಾಗಿದ್ದರೂ ವ್ಯಾಸದಲ್ಲಿ ಸುಮಾರು ಶೇಕಡಾ 3ರಷ್ಟು ಚಿಕ್ಕದು. ಇದರಿಂದ ವಾಹನದ ತಳ ನೆಲಕ್ಕೆ ಸುಮಾರು 9.5 ಮಿಲಿಮೀಟರು ಹತ್ತಿರವಾಗುತ್ತದೆ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತುವುದರಿಂದ ಮೀಟರು ನಿಜವಾಗಿ ಓಡಿದ್ದಕ್ಕಿಂತ ಸುಮಾರು ಶೇಕಡಾ 3ರಷ್ಟು ಹೆಚ್ಚು ದೂರ ತೋರಿಸುತ್ತದೆ. ಪಂಚಾಯತಿ ವಾಹನದಲ್ಲಿ ಹೀಗಾದರೆ ಲಾಗ್ ಪುಸ್ತಕದಲ್ಲಿ ಬರೆಯುವ ಕಿಲೋಮೀಟರು ಮತ್ತು ಇಂಧನದ ಲೆಕ್ಕ ಎರಡೂ ತಪ್ಪುತ್ತವೆ. ಲೆಕ್ಕಪರಿಶೋಧನೆಯಲ್ಲಿ ಯಾರೂ ಮಾಡದ ತಪ್ಪಿಗೆ ಉತ್ತರ ಕೊಡಬೇಕಾಗುತ್ತದೆ. ತಯಾರಕರು ಹೇಳಿದ ಅಳತೆಯನ್ನೇ ಹಿಡಿಯುವುದು ಎಲ್ಲ ರೀತಿಯಿಂದಲೂ ಕ್ಷೇಮ.

ಒರಟು ದಾರಿಗಾಗಿ ಮಾಡಿದ, ದೊಡ್ಡ ಕಚ್ಚುಗಳ ಟೈರುಗಳ ವಿಷಯವೂ ಇಂಥದೇ. ಗುಡ್ಡದ ಕಚ್ಚಾ ದಾರಿಯಲ್ಲೇ ಹೆಚ್ಚಾಗಿ ಓಡುವ ಜೀಪಿಗೆ ಅವು ಉಪಯುಕ್ತ. ಬಹುಪಾಲು ಡಾಂಬರು ಮತ್ತು ಕಾಂಕ್ರೀಟು ರಸ್ತೆಯಲ್ಲಿ ಓಡುವ ವಾಹನಕ್ಕೆ ಅವು ಸದ್ದನ್ನೂ ಇಂಧನದ ಖರ್ಚನ್ನೂ ಹೆಚ್ಚಿಸುತ್ತವೆ.

6. ಗುಣಮಟ್ಟದ ಗುರುತು ಮತ್ತು ತಯಾರಿಕೆಯ ಕಾಲ

ಭಾರತದಲ್ಲಿ ಮಾರುವ ವಾಹನದ ಟೈರಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್.ಐ. ಗುರುತು ಕಡ್ಡಾಯ. ಕಾರಿನ ಟೈರಿಗೆ ಐ.ಎಸ್. 15633, ಸರಕು ವಾಹನದ ಟೈರಿಗೆ ಐ.ಎಸ್. 15636, ದ್ವಿಚಕ್ರ ಮತ್ತು ತ್ರಿಚಕ್ರ ವಾಹನದ ಟೈರಿಗೆ ಐ.ಎಸ್. 15627 ಎಂಬ ಮಾನಕ ಸಂಖ್ಯೆಗಳಿವೆ. ನಾಲ್ಕು ಚಕ್ರದ ಕಸ ವಾಹನಕ್ಕೆ ಕೊಂಡ ಟೈರಿನ ಮೇಲೆ 15633 ಕಂಡರೆ ಅದು ಕಾರಿನ ಟೈರು ಎಂದು ಕೂಡಲೇ ತಿಳಿಯಬಹುದು. ಭಾರ ಸೂಚ್ಯಂಕದ ಜೊತೆಗೆ ಇದು ಎರಡನೆಯ ಪರೀಕ್ಷೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಚಿಕ್ಕ ಅಂಡಾಕಾರದ ಗುರುತಿರುತ್ತದೆ. ಮೊದಲ ಎರಡು ಅಂಕಿ ವಾರ, ಉಳಿದೆರಡು ವರ್ಷ. ‘2324’ ಎಂದರೆ 2024ನೆಯ ಇಸವಿಯ 23ನೆಯ ವಾರ. ರಬ್ಬರು ಓಡದೆ ಇದ್ದರೂ ಬಿಸಿಲು ಮತ್ತು ಗಾಳಿಯಿಂದ ಹಳತಾಗುತ್ತದೆ. ಅಂಗಡಿಯ ಮುಂದೆ ವರ್ಷಗಟ್ಟಲೆ ಬಿಸಿಲಿನಲ್ಲಿ ನೇತುಹಾಕಿದ ಟೈರು ಗೆರೆಯಲ್ಲಿ ಹೊಸದು, ವಯಸ್ಸಿನಲ್ಲಿ ಹಳೆಯದು. ಖರೀದಿಯ ದಿನಕ್ಕೆ ಹೆಚ್ಚೆಂದರೆ ಒಂದು ವರ್ಷದೊಳಗೆ ತಯಾರಾದ ಟೈರನ್ನು ಕೇಳುವುದು ಒಳ್ಳೆಯ ಪದ್ಧತಿ. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ತಜ್ಞರಿಂದ ಪರೀಕ್ಷಿಸಬೇಕು; ಹತ್ತು ವರ್ಷ ದಾಟಿದ್ದನ್ನು ಗೆರೆ ಉಳಿದಿದ್ದರೂ ಬಳಸಬಾರದು. ಡಿಕ್ಕಿಯಲ್ಲಿ ಮರೆತುಹೋಗಿರುವ ಸ್ಟೆಪ್ನಿಗೂ ಈ ಮಾತು ಅನ್ವಯಿಸುತ್ತದೆ.

ಬೇರೆ ವಾಹನದಿಂದ ಬಿಚ್ಚಿದ ಹಳೆಯ ಟೈರಿನ ಪೂರ್ವಚರಿತ್ರೆ ಯಾರಿಗೂ ತಿಳಿಯದು. ಅದನ್ನು ಪಂಚಾಯತಿ ವಾಹನಕ್ಕೆ ಕೊಳ್ಳಬಾರದು. ರಿಸೋಲ್ ಮಾಡಿಸಿದ ಟೈರುಗಳು ಲಾರಿ ಮತ್ತು ಬಸ್ಸುಗಳಲ್ಲಿ ಬಳಕೆಯಲ್ಲಿದ್ದರೂ, ಚಿಕ್ಕ ವಾಹನದ ಮುಂದಿನ ಚಕ್ರಗಳಿಗೆ ಅವು ತಕ್ಕವಲ್ಲ.

7. ಜೋಡಣೆ ಮತ್ತು ಗಾಳಿ

ಒಂದೇ ಅಚ್ಚಿನ ಎರಡು ಚಕ್ರಗಳಲ್ಲಿ ಒಂದೇ ಅಳತೆಯ, ಒಂದೇ ರಚನೆಯ, ಹೆಚ್ಚುಕಡಿಮೆ ಸಮಾನವಾಗಿ ಸವೆದ ಟೈರುಗಳಿರಬೇಕು. ರೇಡಿಯಲ್ ಟೈರಿನ ಜೊತೆಗೆ ಹಳೆಯ ಅಡ್ಡ ಪದರದ ಟೈರನ್ನು ಬೆರೆಸಬಾರದು. ನಾಲ್ಕನ್ನೂ ಬದಲಿಸಲು ಅನುದಾನ ಸಾಲದೆ ಎರಡನ್ನೇ ಕೊಂಡಾಗ ಹೊಸ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕುವುದು ಉತ್ತಮ. ‘ಸ್ಟೇರಿಂಗ್ ಮುಂದಿದೆ, ಹೊಸ ಟೈರೂ ಮುಂದಿರಲಿ’ ಎಂದು ಅನೇಕರು ಭಾವಿಸುತ್ತಾರೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಸಾವರಿಸಿಕೊಳ್ಳಲು ಅವಕಾಶವಿರುತ್ತದೆ. ಹಿಂದಿನ ಚಕ್ರ ಜಾರಿದರೆ ವಾಹನವೇ ತಿರುಗಿಬೀಳುತ್ತದೆ. ಮುಂದೆ ಉಳಿಯುವ ಹಳೆಯ ಜೋಡಿಯೂ ಯೋಗ್ಯ ಸ್ಥಿತಿಯಲ್ಲಿರಬೇಕೆಂಬುದನ್ನು ಮರೆಯಬಾರದು. ಟ್ಯೂಬ್‌ಲೆಸ್ ಟೈರಿನ ಜೊತೆಗೆ ಹೊಸ ವಾಲ್ವ್ ಹಾಕಿಸಿ, ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಸಬೇಕು.

ಗಾಳಿಯನ್ನು ಬೆಳಗ್ಗೆ, ವಾಹನ ಓಡುವ ಮೊದಲು, ಟೈರು ತಣ್ಣಗಿರುವಾಗ ನೋಡಬೇಕು. ತಣ್ಣಗಿರುವಾಗ 33 ಪಿ.ಎಸ್.ಐ. ಇದ್ದ ಗಾಳಿ, ಟೈರಿನ ಒಳಗಿನ ಉಷ್ಣಾಂಶ 27 ಡಿಗ್ರಿಯಿಂದ 57 ಡಿಗ್ರಿಗೆ ಏರಿದಾಗ ಸುಮಾರು 38 ಆಗುತ್ತದೆ. ಇದು ಸಹಜ, ತಯಾರಕರು ಇದನ್ನು ಲೆಕ್ಕಕ್ಕೆ ಹಿಡಿದಿರುತ್ತಾರೆ. ‘ಬಿಸಿಲಿಗೆ ಟೈರು ಸಿಡಿದೀತು’ ಎಂದು ಮಧ್ಯಾಹ್ನ ಗಾಳಿ ಬಿಟ್ಟು 33ಕ್ಕೆ ಇಳಿಸಿದರೆ, ಮರುದಿನ ಬೆಳಗ್ಗೆ ಅದು ಸುಮಾರು 29ಕ್ಕೆ ಇಳಿದಿರುತ್ತದೆ. ಸಿಡಿತಕ್ಕೆ ಹೆದರಿ ಮಾಡಿದ ಕೆಲಸವೇ ಸಿಡಿತಕ್ಕೆ ಕಾರಣವಾಗಬಹುದು.

8. ದರಪಟ್ಟಿ ಮತ್ತು ಠರಾವು

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಮತ್ತು ಚಾಲ್ತಿಯಲ್ಲಿರುವ ಸರ್ಕಾರಿ ಆದೇಶಗಳ ಮಿತಿಯೊಳಗೆ ಖರೀದಿ ನಡೆಯತಕ್ಕದ್ದು. ಯಾವುದೇ ಒಂದು ಕಂಪನಿಯ ಹೆಸರನ್ನು ಬರೆದು ದರ ಕೇಳುವುದು ಸರಿಯಲ್ಲ. ಗುಣಲಕ್ಷಣವನ್ನೇ ಬರೆಯದೆ ದರ ಕೇಳುವುದೂ ಸರಿಯಲ್ಲ. ಗುಣಲಕ್ಷಣ ಸ್ಪಷ್ಟವಾಗಿದ್ದರೆ ಮಾತ್ರ ಕಡಿಮೆ ದರವೆಂಬ ಮಾತಿಗೆ ಅರ್ಥವಿರುತ್ತದೆ. ದರ ಕೋರುವ ಪತ್ರದಲ್ಲಿ ಈ ವಿವರಗಳಿರಲಿ:

ವಾಹನದ ನೋಂದಣಿ ಸಂಖ್ಯೆ ಮತ್ತು ಮಾದರಿ.
ಟೈರಿನ ಪೂರ್ಣ ಅಳತೆ. ಸರಕು ವಾಹನವಾದರೆ ಎಲ್.ಟಿ. ಮತ್ತು ಪಿ.ಆರ್. ಸಹಿತ.
ಕನಿಷ್ಠ ಭಾರ ಸೂಚ್ಯಂಕ ಮತ್ತು ವೇಗದ ಸಂಕೇತ.
ಅನ್ವಯಿಸುವ ಮಾನಕ ಸಂಖ್ಯೆಯ ಐ.ಎಸ್.ಐ. ಗುರುತು.
ತಯಾರಿಕೆಯ ಕಾಲ, ಸರಬರಾಜಿನ ದಿನಕ್ಕೆ ಹನ್ನೆರಡು ತಿಂಗಳೊಳಗೆ.
ಜೋಡಣೆ, ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮತ್ತು ತೆರಿಗೆ ಸೇರಿದ ಒಟ್ಟು ದರ.
ವಾರಂಟಿಯ ಅವಧಿ.

ದರಗಳನ್ನು ಹೋಲಿಸುವಾಗ ಓಟದ ಲೆಕ್ಕವನ್ನೂ ನೋಡಬಹುದು. ಉದಾಹರಣೆಗೆ 4,000 ರೂಪಾಯಿಯ ಟೈರು 40,000 ಕಿಲೋಮೀಟರು ಬಂದರೆ ಕಿಲೋಮೀಟರಿಗೆ 10 ಪೈಸೆ. 3,200 ರೂಪಾಯಿಯದು 25,000 ಕಿಲೋಮೀಟರಿಗೇ ಮುಗಿದರೆ 12.8 ಪೈಸೆ. ಇವು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡ ಅಂಕಿಗಳು. ಪ್ರತಿ ಟೈರಿನ ದಿನಾಂಕ ಮತ್ತು ಆಗಿನ ಮೀಟರಿನ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಬಾರಿ ಪಂಚಾಯತಿಗೆ ತನ್ನದೇ ನಿಜವಾದ ಅಂಕಿಗಳು ದೊರೆಯುತ್ತವೆ.

ಸ್ವಚ್ಛ ವಾಹಿನಿಯನ್ನು ಸಂಜೀವಿನಿ ಒಕ್ಕೂಟ ನಡೆಸುತ್ತಿರುವಲ್ಲಿ, ಟೈರಿನ ವೆಚ್ಚ ಯಾರ ಹೊಣೆ ಎಂಬುದನ್ನು ಒಡಂಬಡಿಕೆಯಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು. ಹೊಣೆ ಯಾರದೇ ಆಗಿರಲಿ, ಟೈರು ಬಂದ ದಿನ ಚಾಲಕಿಯ ಸಮ್ಮುಖದಲ್ಲೇ ಅಂಕಿಗಳನ್ನು ತಾಳೆ ನೋಡಿ, ನಂತರವೇ ಬಿಲ್ಲನ್ನು ದೃಢೀಕರಿಸುವುದು ಸೂಕ್ತ. ವಾಹನದ ಸ್ಥಿತಿ ಎಲ್ಲರಿಗಿಂತ ಹೆಚ್ಚು ತಿಳಿದಿರುವುದು ಅವರಿಗೇ.

9. ಹಳೆಯ ಟೈರುಗಳ ವಿಲೇವಾರಿ

ಬಿಚ್ಚಿದ ಟೈರುಗಳನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ನೆರಳಿನಲ್ಲಿ, ಮಳೆ ನೀರು ನಿಲ್ಲದಂತೆ ಇಡಬೇಕು. ಟೈರಿನಲ್ಲಿ ನಿಂತ ನೀರು ಡೆಂಗಿ ಹರಡುವ ಸೊಳ್ಳೆಯ ತವರು. ಸೊಳ್ಳೆ ನಿಯಂತ್ರಣದ ಬಗ್ಗೆ ಊರಿಗೆ ತಿಳಿಹೇಳುವ ಪಂಚಾಯತಿಯ ಹಿತ್ತಿಲಲ್ಲೇ ಅದು ಇರಬಾರದು. ಟೈರುಗಳನ್ನು ಸುಡಕೂಡದು, ಅದರ ಹೊಗೆ ವಿಷಕರ. ನಿಯಮಾನುಸಾರ ಹರಾಜು ಮಾಡಿ, ಅಧಿಕೃತ ಮರುಬಳಕೆದಾರರಿಗೆ ತಲುಪುವಂತೆ ನೋಡಿಕೊಳ್ಳಬೇಕು. ಸಿಡಿದ ಅಥವಾ ಪಕ್ಕ ಕೊಯ್ದ ಟೈರು ಮತ್ತೆ ಯಾರದೋ ವಾಹನಕ್ಕೆ ಏರದಂತೆ, ಅದನ್ನು ಕತ್ತರಿಸಿ ಕೊಡುವುದು ಕ್ಷೇಮಕರ.

10. ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಪಂಚಾಯತಿಯ ವಾಹನಕ್ಕೆ ತಯಾರಕರು ಹೇಳಿದ ಟೈರಿನ ಅಳತೆ ಮತ್ತು ಭಾರ ಸೂಚ್ಯಂಕ ಯಾವುದು? ಈಗ ಚಕ್ರದಲ್ಲಿರುವುದು ಯಾವುದು?
2. ಐದು ಟೈರುಗಳಲ್ಲಿ, ಸ್ಟೆಪ್ನಿ ಸೇರಿ, ಪ್ರತಿಯೊಂದರ ತಯಾರಿಕೆಯ ವಾರ ಮತ್ತು ವರ್ಷ ಯಾವುದು?
3. ಗೆರೆಯ ಆಳ ಎಷ್ಟಿದೆ? ಸವೆತ ಸಮನಾಗಿದೆಯೆ, ಒಂದು ಬದಿಗಿದೆಯೆ?
4. ಕೊನೆಯ ಖರೀದಿಯ ದರಪಟ್ಟಿಯಲ್ಲಿ ಭಾರ ಸೂಚ್ಯಂಕ ಬರೆದಿತ್ತೆ?
5. ಚಾಲಕಿಗೆ ಗಾಳಿಯ ಅಳತೆ ನೋಡುವ ಉಪಕರಣ ಒದಗಿಸಲಾಗಿದೆಯೆ?

ಇವುಗಳಿಗೆ ಉತ್ತರ ಪಡೆಯಲು ಬೇಕಾದದ್ದು ಒಂದು ಹಾಳೆ, ಒಂದು ಲೇಖನಿ ಮತ್ತು ವಾಹನದ ಸುತ್ತ ಹತ್ತು ನಿಮಿಷದ ಪರಿಶೀಲನೆ. ಮುಂದಿನ ಸಾಮಾನ್ಯ ಸಭೆಗೆ ಮೊದಲು ಸದಸ್ಯರು ಇದನ್ನು ಪೂರೈಸಿ, ಬರೆದುಕೊಂಡ ಅಂಕಿಗಳನ್ನು ನಡಾವಳಿಯಲ್ಲಿ ದಾಖಲಿಸುವುದು ಅಪೇಕ್ಷಣೀಯ.